ಕಪಾಟಿನಲ್ಲಿ ಕೂತು ಓದಿದ ಕಾಗುಣಿತ

ಮಾರ್ಚ್ ೪

ಮೈದುನನಿಗೆ ಅತ್ತಿಗೆ ಬರೆಯುವುದು.

ದೇವರು ನಿನ್ನನ್ನು ಚೆನ್ನಾಗಿಟ್ಟಿದ್ದಾನೆ ಎಂದುಕೊಂಡೇ ಪೆನ್ನು ಹಿಡಿದಿದ್ದೇನೆ. ನೀನು ಹೋದ ಈ ಎರಡು ವರ್ಷದಲ್ಲಿ ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನ್ ಬೇಡ ಅಂದಿದ್ದೆ ನೀನು, ನಾನು ಮಾಡಿಲ್ಲ. ಇವತ್ತೂ ಮಾಡುವುದಿಲ್ಲ. ಲಿಫ್ಟ್ ರಿಪೇರಿಗೆ ಕೆಳಗಿಳಿದರೆ ಸಿಗ್ನಲ್ ಇರುವುದಿಲ್ಲ ಎಂದು ನೀನು ಕೊಟ್ಟ ಕಾರಣವನ್ನು ನಂಬಿದವಳ ಹಾಗೆಯೇ ಇದ್ದೇನೆ.

ನಿನ್ನ ಅಣ್ಣನ ಮಾತು ನಿಂತಿದೆ. ಗಾಬರಿಯಾಗಬೇಡ, ಮೈಗೆ ಹೊಸದಾಗಿ ಏನೂ ಆಗಿಲ್ಲ. ನಿಂತಿರುವುದು ಕಂಪ್ಯೂಟರು.

ಪರದೆಯ ಮೇಲೆ ತಿಂಗಳುಗಟ್ಟಲೆ ಒಂದು ನೀಲಿ ಚೌಕ ಬರುತ್ತಿತ್ತು. ಈ ಹಳೆಯ ವ್ಯವಸ್ಥೆಗೆ ಇನ್ನು ಕಂಪನಿಯ ಆಸರೆಯಿಲ್ಲ, ಹೊಸದಕ್ಕೆ ಏರಿಸಲೇ ಎಂದು ಕೇಳುತ್ತಿತ್ತು. ಕೆಳಗೆ ಎರಡು ಬಟನ್, ‘ಈಗ’ ಮತ್ತು ‘ಆಮೇಲೆ’. ನಿನ್ನ ಅಣ್ಣ ಕೆನ್ನೆಗೆ ಕಟ್ಟಿದ ಸ್ವಿಚ್ಚಿನಿಂದ ‘ಆಮೇಲೆ’ ಒತ್ತಿ ಕಳಿಸಿಬಿಡುತ್ತಿದ್ದರು, ಬಾಗಿಲಿಗೆ ಬಂದ ವ್ಯಾಪಾರಿಯನ್ನು ಸಾಗಹಾಕುವ ಹಾಗೆ. ಮೊನ್ನೆ ಬೆಳಿಗ್ಗೆ ನಾನು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದೆ. ‘ಕೆಳಗಿನ ದಾರ ಮುಗಿದಿದೆ, ನೋಡು’ ಅಂದರು. ನೋಡಿದರೆ ನಿಜ, ಬಾಬಿನ್ ಖಾಲಿ, ಅಷ್ಟು ಹೊತ್ತೂ ಬರೀ ಗಾಳಿ ಹೊಲಿದಿದ್ದೆ. ದಾರ ಸುತ್ತಿ ತಿರುಗುವಷ್ಟರಲ್ಲಿ ಪರದೆ ಪೂರ್ತಿ ನೀಲಿಯಾಗಿ, ನಡುವೆ ಬಿಳಿ ಚುಕ್ಕೆಗಳು ಗಾಣದ ಹಾಗೆ ಸುತ್ತುತ್ತಿದ್ದವು. ಬಟನ್‌ಗಳ ಮೇಲೆ ಒಂದೊಂದಾಗಿ ಓಡಾಡುವ ಬೆಳಕು ‘ಈಗ’ದ ಮೇಲೆ ಬಂದಾಗ ಕೆನ್ನೆ ಅಲುಗಿರಬೇಕು.

ಮಧ್ಯಾಹ್ನದ ಹೊತ್ತಿಗೆ ಹೊಸದು ಎದ್ದು ಕೂತಿತು. ಬಣ್ಣವೇನೋ ಚೆಂದ. ಆದರೆ ನೀನು ಮಾಡಿಕೊಟ್ಟ ಸ್ವಿಚ್ಚಿನ ಡಬ್ಬಿಯ ಹಸಿರು ದೀಪ ಆರಿತ್ತು. ಅಕ್ಷರ ತೋರಿಸುವ ಪ್ರೋಗ್ರಾಂ ತೆರೆಯಲಿಲ್ಲ. ನಿನ್ನ ಧ್ವನಿಯೂ ಇಲ್ಲ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಕ್ರಮವಾಗಿ ಹೇಳಿದರೇ ನನಗೂ ತಲೆಗೆ ಹತ್ತುವುದು. ನರ ಸೋತು ಅವರ ಗಂಟಲು ಮುಚ್ಚಿದ ವರ್ಷ ನೀನು ಬಟ್ಟೆಯ ಕಪಾಟಿನೊಳಗೆ, ನೇತುಹಾಕಿದ ಅಂಗಿಗಳ ನಡುವೆ ಮೈಕು ಹಿಡಿದು ಕೂತು ಇಡೀ ಕಾಗುಣಿತ ಓದಿದ್ದೆ. ಹೊರಗೆ ಸದ್ದಾಗುತ್ತದೆ, ಒಳಗೆ ಪ್ರತಿಧ್ವನಿ ಬರುವುದಿಲ್ಲ ಅಂದಿದ್ದೆ. ನಾನು ಶಾಲೆಯ ಪುಸ್ತಕ ಹಿಡಿದು ಬಾಗಿಲ ಸಂದಿಯಲ್ಲಿ ‘ಘ ಆಯ್ತು, ಈಗ ಘಾ’ ಅನ್ನುತ್ತಿದ್ದೆ. ಅಣ್ಣತಮ್ಮಂದಿರ ಗಂಟಲು ಒಂದೇ ಅಚ್ಚು, ಹೆತ್ತ ತಾಯಿಯೇ ಫೋನಿನಲ್ಲಿ ಮೋಸ ಹೋಗುತ್ತಿದ್ದರು. ಒಂಬತ್ತು ವರ್ಷ ನಿನ್ನ ಅಣ್ಣ ಆ ತುಂಡುಗಳನ್ನೇ ಜೋಡಿಸಿಕೊಂಡು ನನ್ನನ್ನು ಕರೆದರು, ಬೈದರು, ಸಂಜೆ ನನ್ನ ಜೊತೆ ಪ್ರಾರ್ಥನೆ ಹೇಳಿದರು. ಈಗ ಅದಿಲ್ಲ.

ಮೂಲೆಯ ಕಂಪ್ಯೂಟರ್ ಅಂಗಡಿಯವರನ್ನು ಕರೆಸಿದೆ. ಯಾವ ರೋಗಕ್ಕೂ ರೀಸ್ಟಾರ್ಟ್ ಮಾಡಿ ಅನ್ನುತ್ತಾರಲ್ಲ, ನಿನ್ನ ಅಣ್ಣ ರೀಸ್ಟಾರ್ಟಪ್ಪ ಎಂದು ಹೆಸರಿಟ್ಟಿದ್ದಾರೆ, ಅವರೇ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಡ್ರೈವರ್ ಹೊಸದಕ್ಕೆ ಹೊಂದುವುದಿಲ್ಲ, ಎಲ್ಲ ಹೊಸದು ತರಿಸಿ ಅಂದರು. ತರಿಸುವ ಮಾತು ಬಿಡು.

ಈಗ ನಾನು ಅಕ್ಷರಮಾಲೆ ಹೇಳುವುದು, ಅವರು ರೆಪ್ಪೆ ಮುಚ್ಚುವುದು. ಮೊದಲು ಸಾಲು, ಆಮೇಲೆ ಅಕ್ಷರ, ಆಮೇಲೆ ಅದರ ಕಾಗುಣಿತ. ಒಂದು ಮಾತು ಮುಗಿಯುವಷ್ಟರಲ್ಲಿ ಮೊದಲನೆಯ ಅಕ್ಷರ ನನಗೆ ಮರೆತಿರುತ್ತದೆ. ಅವರಿಗೆ ಸಿಟ್ಟು ಬರುತ್ತದೆ, ಸಿಟ್ಟನ್ನು ಹೇಳಲು ಮತ್ತೆ ಮೊದಲ ಸಾಲಿನಿಂದ ಶುರು ಮಾಡಬೇಕು. ಪ್ರಕಾಶನದವರ ಪ್ರೂಫ್ ಹಾಗೇ ನಿಂತಿದೆ. ಕರಡು ತಿದ್ದುವ ಆ ಕೆಲಸವೊಂದೇ ಅವರನ್ನು ಮನುಷ್ಯನನ್ನಾಗಿ ಇಟ್ಟಿದ್ದು ಎಂದು ನಿನಗೆ ಗೊತ್ತು.

ಏನು ಮಾಡಲಿ, ತಿಳಿಸು. ಈ ಕಾಗದವನ್ನು ಅವರ ಮುಂದೆ ಹಿಡಿದೆ. ತಪ್ಪಿದ್ದ ಕಡೆಯೆಲ್ಲ ರೆಪ್ಪೆ ಮುಚ್ಚಿದರು, ತಿದ್ದಿ ಮತ್ತೆ ಬರೆದಿದ್ದೇನೆ.

ದಾರಿ ನೋಡುತ್ತಿರುವ
ಅತ್ತಿಗೆ


ಮಾರ್ಚ್ ೧೩

ಅತ್ತಿಗೆ,

ನಿಮ್ಮ ಕಾಗದ ತಲುಪಿತು.

ಡ್ರೈವರ್ ಅಂದರೆ ಡಬ್ಬಿಗೂ ಕಂಪ್ಯೂಟರಿಗೂ ನಡುವೆ ಮಾತು ತಲುಪಿಸುವವನು. ನಾನು ಬರೆದ ಡ್ರೈವರಿಗೆ ಯಾವ ಕಂಪನಿಯ ಮುದ್ರೆಯೂ ಇಲ್ಲ. ಹೊಸ ವ್ಯವಸ್ಥೆ ಮುದ್ರೆಯಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಬಿಡಿಸಲು ಒಂದು ಒಳದಾರಿ ಇದೆ, ಯಾರಿಗೂ ಕಾಣದ ಹಾಗೆ ಇಟ್ಟಿದ್ದಾರೆ.

ಕಂಪ್ಯೂಟರ್ ಆರಿಸುವ ಗುರುತಿನ ಮೇಲೆ ಬಂದು, ಎಡಗೈಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದುಕೊಳ್ಳಿ. ಬಿಡಬೇಡಿ. ಹಿಡಿದೇ ರೀಸ್ಟಾರ್ಟ್ ಒತ್ತಿ. ನೀಲಿ ಪುಟ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್, ಅದರೊಳಗೆ ಸ್ಟಾರ್ಟಪ್ ಸೆಟ್ಟಿಂಗ್ಸ್. ಮತ್ತೆ ರೀಸ್ಟಾರ್ಟ್. ಒಂದು ಪಟ್ಟಿ ಬಂದು ನಿಲ್ಲುತ್ತದೆ. ಏಳನೆಯ ಸಾಲು ಡ್ರೈವರಿನ ಮುದ್ರೆ ನೋಡಬೇಡ ಅನ್ನುವುದು. ಏಳು ಒತ್ತಿ.

ಕಂಪ್ಯೂಟರ್ ಎದ್ದ ಮೇಲೆ, ಹೊಲಿಗೆ ಯಂತ್ರದ ಕೆಳಗಿನ ತಗಡಿನ ಡಬ್ಬಿಯಲ್ಲಿರುವ ಡಿಸ್ಕ್ ಹಾಕಿ. ಡ್ರೈವರೂ ಅಕ್ಷರದ ಪ್ರೋಗ್ರಾಮೂ ಎರಡೂ ಅದರಲ್ಲಿವೆ. ಕೆಂಪು ಎಚ್ಚರಿಕೆ ಬಂದರೆ, ಆದರೂ ಹಾಕು ಅನ್ನಿ. ಪ್ರೋಗ್ರಾಂ ತೆರೆಯದಿದ್ದರೆ ಅದರ ಚಿತ್ರದ ಮೇಲೆ ಮೌಸಿನ ಬಲಬಟನ್ ಒತ್ತಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ಹಳೆಯ ವ್ಯವಸ್ಥೆಯ ಹೆಸರು ಆರಿಸಿ ಗುರುತು ಹಾಕಿ. ತಾನಿನ್ನೂ ಹಳೆಯ ಮನೆಯಲ್ಲೇ ಇದ್ದೇನೆ ಎಂದುಕೊಂಡು ಅದು ಕೆಲಸ ಮಾಡುತ್ತದೆ.

ಒಂದು ತೊಂದರೆ. ಕಂಪ್ಯೂಟರ್ ಆರಿಸಿ ಹಚ್ಚಿದಾಗಲೆಲ್ಲ ಈ ಏಳರ ಕೆಲಸ ಮತ್ತೆ ಮಾಡಬೇಕು.

ಅಣ್ಣನಿಗೆ ತಿಳಿಸಿ.

ಮೈದುನ


ಮಾರ್ಚ್ ೨೫

ಮೈದುನನಿಗೆ,

ದೀಪ ಹತ್ತಿತು. ಹಸಿರು ದೀಪ ಹತ್ತಿದಾಗ ನಾನು ನೆಲದ ಮೇಲೆ ಕೂತುಬಿಟ್ಟೆ.

ಸುಲಭಕ್ಕೆ ಆಗಲಿಲ್ಲ. ಶಿಫ್ಟ್ ಹಿಡಿದುಕೊಂಡಿರುವುದು, ಮೌಸ್ ತಳ್ಳುವುದು, ನಿನ್ನ ಕಾಗದ ಹಿಡಿಯುವುದು, ಇದಕ್ಕೆ ಕೈ ಎರಡು ಸಾಲದು. ಎರಡು ಸಲ ಬೆರಳು ಜಾರಿತು, ಮಾಮೂಲಾಗಿ ಎದ್ದು ಕೂತಿತು. ಕೊನೆಗೆ ಶಿಫ್ಟ್ ಕೀ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ. ರೀಸ್ಟಾರ್ಟಪ್ಪ ಅದೇ ಹೊತ್ತಿಗೆ ಬಂದು, ‘ಏನಕ್ಕಾ, ಕಂಪ್ಯೂಟರಿಗೆ ಇಸ್ತ್ರಿ ಹಾಕ್ತಿದ್ದೀರಾ’ ಅಂದರು. ನಿನ್ನ ಕಾಗದ ಓದಿ, ಮುದ್ರೆ ನೋಡಬೇಡ ಅನ್ನುವುದು ಮನೆ ಕಾಯುವವನಿಗೆ ಆ ಕಡೆ ತಿರುಗಿ ನಿಂತುಕೋ ಅಂದ ಹಾಗೆ, ಹುಷಾರು ಅಂದರು. ನಮ್ಮ ಮನೆಯಲ್ಲಿ ಕದಿಯುವಂಥದ್ದು ಕಾಜಾ ಹಾಕದ ಅಂಗಿಗಳು ಮಾತ್ರ ಅಂದೆ.

ಈಗ ಬೆಳಿಗ್ಗೆ ಎದ್ದು ಮುಖ ತೊಳೆದು ದೇವರ ಮುಂದೆ ಕೂರುತ್ತೇನೆ. ಆಮೇಲೆ ಏಳು ಒತ್ತುತ್ತೇನೆ. ಆಮೇಲೆ ನಿನ್ನ ಅಣ್ಣನ ಕೆನ್ನೆಗೆ ಸ್ವಿಚ್ ಕಟ್ಟುತ್ತೇನೆ. ನಡುವೆ ಕರೆಂಟ್ ಹೋದರೆ ದೇವರೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಮತ್ತೆ ಮೊದಲಿನಿಂದ. ನಿನ್ನೆ ಅವರು ಅರ್ಧ ವಾಕ್ಯದಲ್ಲಿದ್ದಾಗ ಹೋಯಿತು. ‘ನೀನು ಸ್ವಲ್ಪ’ ಅಂತ ಆಗಿತ್ತು. ಕರೆಂಟ್ ಬಂದು, ಇಸ್ತ್ರಿಪೆಟ್ಟಿಗೆ ಇಟ್ಟು, ಏಳು ಒತ್ತಿ, ಸ್ವಿಚ್ ಕಟ್ಟಿ, ಏನು ಹೇಳುತ್ತಿದ್ದಿರಿ ಅಂತ ಕೇಳಿದೆ. ‘ಮಲಗು ಅಂತಿದ್ದೆ’ ಅಂದರು.

ಅಂದರು ಅಂದರೆ ಪರದೆಯ ಮೇಲೆ ಬರೆದರು. ಧ್ವನಿ ಬಂದಿಲ್ಲ. ಅಕ್ಷರ ಬರುತ್ತದೆ, ಸದ್ದಿಲ್ಲ. ನಾನು ಅಡುಗೆಮನೆಯಲ್ಲಿದ್ದರೆ, ಹೊಲಿಗೆಗೆ ಬಗ್ಗಿದ್ದರೆ ಅವರು ಕರೆದದ್ದು ಗೊತ್ತಾಗುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಎದ್ದು ಹೋಗಿ ಪರದೆ ನೋಡಿ ಬರುತ್ತೇನೆ. ಮೊಣಕಾಲು ಬಿಗಿದುಕೊಂಡಿದೆ. ಸಂಜೆಯ ಪ್ರಾರ್ಥನೆ ನಾನೊಬ್ಬಳೇ ಹೇಳುತ್ತೇನೆ, ಅವರು ಪರದೆಯ ಮೇಲೆ ನನ್ನ ಹಿಂದೆಯೇ ಬರೆಯುತ್ತಾ ಬರುತ್ತಾರೆ, ನಾನು ಮುಗಿಸುವಾಗ ಅವರು ಎರಡನೆಯ ಸಾಲಿನಲ್ಲಿರುತ್ತಾರೆ.

ಪ್ರೂಫ್ ಕೆಲಸ ಶುರುವಾಗಿದೆ. ನಿನಗೆ ಪುಣ್ಯ ಬರಲಿ. ಧ್ವನಿಗೂ ಹೀಗೊಂದು ಒಳದಾರಿ ಇದ್ದರೆ ಬರೆ.

ನೀನು ಊಟ ತಿಂಡಿ ಸರಿಯಾಗಿ ಮಾಡುತ್ತೀಯೋ ಇಲ್ಲವೋ ನಿನ್ನ ಕಾಗದದಿಂದ ತಿಳಿಯಲಿಲ್ಲ. ಕಾಗದದಲ್ಲಿ ಶಿಫ್ಟ್ ಕೀ ಬಿಟ್ಟರೆ ಬೇರೇನೂ ಇರಲಿಲ್ಲ.

ಅತ್ತಿಗೆ


ಏಪ್ರಿಲ್ ೬

ಅತ್ತಿಗೆ,

ದಿನಾ ಏಳು ಒತ್ತುವುದು ಬೇಡ. ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಕಪ್ಪು ಕಿಟಕಿಯನ್ನು ತೆರೆಯುವ ಕ್ರಮ, ಅದರಲ್ಲಿ ಟೈಪ್ ಮಾಡಬೇಕಾದ ಒಂದು ಸಾಲು, ಎರಡನ್ನೂ ಬೇರೆ ಚೀಟಿಯಲ್ಲಿ ದೊಡ್ಡದಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಅಕ್ಷರ, ಖಾಲಿ ಜಾಗ ಯಾವುದೂ ತಪ್ಪಬಾರದು. ಅಣ್ಣನ ಮುಂದೆ ಹಿಡಿದು ಒಮ್ಮೆ ತಾಳೆ ನೋಡಿಸಿ, ಅವನ ಕಣ್ಣು ತಪ್ಪುವುದಿಲ್ಲ. ಅದಾದ ಮೇಲೆ ಮುದ್ರೆಯಿಲ್ಲದ ಡ್ರೈವರನ್ನು ಅದು ಯಾವಾಗಲೂ ಬಿಟ್ಟುಕೊಳ್ಳುತ್ತದೆ. ಪರದೆಯ ಕೆಳಮೂಲೆಯಲ್ಲಿ ‘ಟೆಸ್ಟ್ ಮೋಡ್’ ಎಂದು ಸಣ್ಣಗೆ ಬರೆದುಕೊಂಡಿರುತ್ತದೆ. ಇರಲಿ ಬಿಡಿ, ತೊಂದರೆಯಿಲ್ಲ.

ಇನ್ನು ಮುಂದೆ ತಾನಾಗಿ ಅಪ್‌ಡೇಟ್ ಆಗದ ಹಾಗೆ ಸೆಟ್ಟಿಂಗ್ ಬದಲಿಸುವ ಕ್ರಮವನ್ನೂ ಚೀಟಿಯ ಹಿಂದೆ ಬರೆದಿದ್ದೇನೆ. ಇಲ್ಲದಿದ್ದರೆ ಮತ್ತೊಂದು ದಿನ ಹೀಗೇ ಆಗುತ್ತದೆ.

ಧ್ವನಿಯ ಫೈಲುಗಳು ಡಿಸ್ಕಿನಲ್ಲಿ ಇರಲಿಲ್ಲ. ಕಂಪ್ಯೂಟರಿನಲ್ಲೇ ಇದ್ದವು. ಈಗ ಇರಲಾರವು. ಹೊಸ ವ್ಯವಸ್ಥೆಯಲ್ಲಿ ನಮ್ಮ ಭಾಷೆ ಮಾತಾಡುವ ಒಂದು ಧ್ವನಿ ಒಳಗೇ ಇದೆ, ಸ್ಪೀಚ್ ಅನ್ನುವ ಕಡೆ ಹೋಗಿ ಹಾಕಿಕೊಳ್ಳಿ. ಚೆನ್ನಾಗಿದೆ ಅಂತಾರೆ.

ಊಟ ಸರಿಯಾಗಿದೆ.

ಮೈದುನ


ಏಪ್ರಿಲ್ ೨೧

ಮೈದುನನಿಗೆ,

ಈ ಕಾಗದವನ್ನು ನಿನ್ನ ಅಣ್ಣನಿಗೆ ತೋರಿಸಿಲ್ಲ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ, ತಪ್ಪಿದ್ದರೆ ತಪ್ಪಿನ ಸಮೇತ ಓದು. ಅವರು ಮಲಗಿದ್ದಾರೆ, ನಾನು ಅಡುಗೆಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ನಿನ್ನ ಚೀಟಿ ಕೆಲಸ ಮಾಡಿತು. ಟೆಸ್ಟ್ ಮೋಡ್ ಮೂಲೆಯಲ್ಲಿ ಕೂತಿದೆ. ಇಷ್ಟು ವರ್ಷದಿಂದ ನಡೆಯುತ್ತಿದ್ದ ಪರೀಕ್ಷೆಯನ್ನು ಈಗ ಬರೆದು ಹಾಕಿದ್ದಾರೆ ಅಂತ ನಿನ್ನ ಅಣ್ಣನ ಹಾಸ್ಯ. ಹೊಸ ಧ್ವನಿಯನ್ನೂ ಹಾಕಿದ್ದಾಯಿತು. ಗಂಡಸಿನದೇ. ರೈಲು ನಿಲ್ದಾಣದಲ್ಲಿ ಕೂಗುವವರ ಹಾಗಿದೆ. ‘ಬೆನ್ನು ಕೆರೆ’ ಅಂದರೆ ಯಾವ ಪ್ಲಾಟ್‌ಫಾರ್ಮಿನಲ್ಲಿ ಅಂತ ಕೇಳಬೇಕು ಅನ್ನಿಸುತ್ತದೆ.

ಧ್ವನಿಯ ಫೈಲಿನ ವಿಷಯ ರೀಸ್ಟಾರ್ಟಪ್ಪನವರನ್ನು ಕೇಳಿದೆ. ಹೊಸದು ಬಂದಾಗ ಹಳೆಯದನ್ನೆಲ್ಲ ಅಳಿಸುವುದಿಲ್ಲವಂತೆ. ಹಳೆಯದು ಅಂತ ಒಂದು ಫೋಲ್ಡರಿನಲ್ಲಿ ಕಟ್ಟಿ ಪಕ್ಕಕ್ಕೆ ಇಟ್ಟಿರುತ್ತದಂತೆ. ಸ್ವಲ್ಪ ದಿನ ಕಾಯುತ್ತದೆ, ಯಾರೂ ಕೇಳದಿದ್ದರೆ ತಾನೇ ಅಳಿಸಿ ಹಾಕುತ್ತದೆ. ‘ಮೊದಲ ದಿನವೇ ಇದರಲ್ಲಿ ಧ್ವನಿ ಇದೆ ಅಂದಿದ್ರೆ ತೆಗೆದಿಡ್ತಿದ್ದೆ ಅಕ್ಕಾ, ನಾನು ಡಬ್ಬಿ ಮಾತ್ರ ನೋಡಿದೆ’ ಅಂತ ಅವರು ತಲೆ ತಗ್ಗಿಸಿದರು. ಆ ಮನುಷ್ಯನ ತಪ್ಪೇನಿಲ್ಲ.

ಶಿಫ್ಟ್ ಹಿಡಿದು ಏಳು ಒತ್ತುವುದು ಗೊತ್ತಿದ್ದವನಿಗೆ ಈ ಫೋಲ್ಡರಿನ ವಿಷಯ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ. ನಿನ್ನ ಮೊದಲ ಕಾಗದದಲ್ಲಿ ಡಬ್ಬಿಯ ವಿಷಯ ಸಾಲು ಸಾಲಾಗಿ ಇದೆ, ಧ್ವನಿಯ ಬಗ್ಗೆ ಒಂದಕ್ಷರ ಇಲ್ಲ. ನಿನ್ನ ಧ್ವನಿಯೂ ಇಲ್ಲ ಅಂತ ನಾನು ಬರೆದಿದ್ದೆ. ನೀನು ಫೋನ್ ಮಾಡಿ ಒಂದು ಮಾತು ಹೇಳಿದ್ದರೆ ಅಂದೇ ಉಳಿಯುತ್ತಿತ್ತೇನೋ. ಫೋನ್ ಹೋಗಲಿ, ಕಾಗದದಲ್ಲಾದರೂ ಬರೆಯಬಹುದಿತ್ತು.

ಇನ್ನೊಂದು ವಿಷಯ. ಮೊನ್ನೆ ಅವರ ಕೆನ್ನೆಗೆ ಎಣ್ಣೆ ಸವರುವಾಗ ಸುಮ್ಮನೆ ಅಂದೆ, ಆ ದಿನ ಈ ಕೆನ್ನೆ ಅಲುಗದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅಂತ. ಅವರು ಸ್ವಿಚ್ ಕಟ್ಟು ಅನ್ನುವ ಹಾಗೆ ಕಣ್ಣು ತೋರಿಸಿದರು. ಕಟ್ಟಿದೆ. ರೈಲಿನವನು ಹೇಳಿದ, ‘ಅಲುಗಲಿಲ್ಲ. ಒತ್ತಿದೆ.’

ಯಾಕೆ ಅಂತ ಕೇಳಿದೆ. ‘ಸಾಕಾಗಿತ್ತು’ ಅಂದರು. ಆಮೇಲೆ ಎಷ್ಟು ಕೇಳಿದರೂ ಪ್ರೂಫಿನ ಪುಟ ತೆರೆದುಕೊಂಡು ಕೂತರು.

ಇವತ್ತು ಹೇಳಿಬಿಡುತ್ತೇನೆ, ಎರಡು ವರ್ಷದಿಂದ ಮೂವರೂ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇವೆ. ಆ ದಿನ ನೀನು ಕೆಲಸದಿಂದ ಬಂದು ಹಾಲಿನಲ್ಲಿ ಕೂತು ‘ಸ್ವಲ್ಪ ನೀರು’ ಅಂದೆ. ನಾನು ಇಲ್ಲಿ, ಇದೇ ಕಟ್ಟೆಯ ಹತ್ತಿರ, ಬೆನ್ನು ಹಾಕಿ ನಿಂತಿದ್ದೆ. ‘ಬಂದೆ ರೀ’ ಅಂದೆ. ಅಷ್ಟೇ ಆಗಿದ್ದು. ಲೋಟ ಹಿಡಿದು ಬಂದಾಗ ನೀನು ನೆಲ ನೋಡುತ್ತಿದ್ದೆ. ನಿನ್ನ ಅಣ್ಣ ಪರದೆ ನೋಡುತ್ತಿದ್ದರು. ನಾನು ಯಾರ ಮುಂದೆ ನೀರು ಇಡಲಿ ಅಂತ ತಿಳಿಯದೆ ನಡುವೆ ಇಟ್ಟೆ. ಆ ವಾರವೇ ನಿನಗೆ ದೂರದಲ್ಲಿ ಕೆಲಸ ಸಿಕ್ಕಿತು.

ಅದರಲ್ಲಿ ತಪ್ಪು ಏನಿತ್ತು? ದೇವರ ಮುಂದೆ ಕೂತು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಕಿವಿ ಕೇಳಿದ್ದಕ್ಕೆ ಬಾಯಿ ಓಗೊಟ್ಟಿತು. ಹನ್ನೊಂದು ವರ್ಷದ ಹುಡುಗನಾಗಿ ಈ ಮನೆಗೆ ಬಂದವನು ನೀನು, ನಿನ್ನ ಶಾಲೆಯ ಅಂಗಿಗೆ ಕಾಜಾ ಹಾಕಿದವಳು ನಾನು. ನನ್ನ ಮನಸ್ಸಿನಲ್ಲಿ ಯಾವ ಗಲಿಬಿಲಿಯೂ ಇರಲಿಲ್ಲ, ಗಲಿಬಿಲಿ ಇದ್ದದ್ದು ಗಾಳಿಯಲ್ಲಿ.

ಈಗ ನೋಡು. ಅಣ್ಣ ತಾನಾಗಿ ‘ಈಗ’ ಒತ್ತಿದರು. ತಮ್ಮ ಗೊತ್ತಿದ್ದೂ ಸುಮ್ಮನಾದ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕೆಲಸ ಮಾಡಿದಿರಿ, ಅಣ್ಣತಮ್ಮಂದಿರು ಅಂದರೆ ಹೀಗಿರಬೇಕು. ನನ್ನನ್ನು ಯಾರೂ ಕೇಳಲಿಲ್ಲ. ಒಂಬತ್ತು ವರ್ಷ ಆ ಧ್ವನಿ ಕೇಳಿಸಿಕೊಂಡವಳು ನಾನು. ಅದು ನಿನ್ನದು ಅಂತ ನನಗೆ ಅನ್ನಿಸುತ್ತಿರಲಿಲ್ಲ, ನನ್ನ ಗಂಡನದು ಅನ್ನಿಸುತ್ತಿತ್ತು. ನನ್ನ ಮನೆಯ ಒಂದು ಗೋಡೆಯನ್ನು ನೀವಿಬ್ಬರೂ ಎರಡು ಕಡೆಯಿಂದ ತಳ್ಳಿ ಬೀಳಿಸಿದ್ದೀರಿ. ಬೈಯುವಷ್ಟೂ ಶಕ್ತಿ ಇಲ್ಲ.

ಕೊನೆಯ ವಿಷಯ. ಅವರ ಕೆನ್ನೆ ಸೋಲುತ್ತಿದೆ. ಮೊದಲು ಒಂದು ಸಲ ಒತ್ತಿದರೆ ಆಗುತ್ತಿದ್ದದ್ದು ಈಗ ಮೂರು ನಾಲ್ಕು ಸಲ ಬೇಕು. ಡಾಕ್ಟರಮ್ಮ ನೋಡಿ, ಕೆನ್ನೆ ನಂಬಿಕೊಳ್ಳಬೇಡಿ, ಹುಬ್ಬಿಗೆ ಬದಲಿಸಿಕೊಳ್ಳಿ ಅಂದರು. ಹುಬ್ಬಿಗೆ ಅಷ್ಟು ಮೆತ್ತನೆಯ ಸ್ವಿಚ್ ಮಾಡಿ ಕೂರಿಸುವುದು ಶಿಫ್ಟ್ ಹಿಡಿದು ಆಗುವ ಕೆಲಸವಲ್ಲ. ಇದನ್ನು ನಿನಗೆ ಬರೆಯಬೇಡ ಅಂತ ಅವರು ಹೇಳಿದ್ದಾರೆ. ಅದಕ್ಕೇ ತೋರಿಸಿಲ್ಲ.

ಸುಸ್ತಾದ
ಅತ್ತಿಗೆ


ಮೇ ೯

ಅತ್ತಿಗೆ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಗೊತ್ತಿತ್ತು. ನಿಮ್ಮ ಮೊದಲ ಕಾಗದ ಬಂದ ದಿನ ಫೋಲ್ಡರ್ ಇನ್ನೂ ಇದ್ದೀತು ಎಂದು ಲೆಕ್ಕ ಹಾಕಿದೆ. ಫೋನ್ ಕೈಯಲ್ಲೇ ಇತ್ತು. ಲಿಫ್ಟಿನ ಮೇಲೆ ಕೂತಿದ್ದೆ, ಸಿಗ್ನಲ್ಲೂ ಇತ್ತು. ಹಲೋ ಅಂದರೆ ನೀವು ಯಾರ ಧ್ವನಿ ಎಂದುಕೊಳ್ಳುತ್ತೀರಿ ಅನ್ನುವುದು ಒಂದು. ಇನ್ನೊಂದು, ಅದು ಹೋದರೆ ಹೋಗಲಿ ಅನ್ನಿಸಿತು. ನಿಮಗೆ ಉತ್ತರ ಬರೆಯಲು ಅಷ್ಟು ದಿನ ತಡಮಾಡಿದ್ದೂ ಅದಕ್ಕೇ.

ಕಪಾಟಿನಲ್ಲಿ ಕೂತು ಓದುವಾಗ ಇದೊಂದು ಉಪಕಾರ ಎಂದಷ್ಟೇ ತಿಳಿದಿದ್ದೆ. ಆಮೇಲೆ ಮನೆಯಲ್ಲಿ ದಿನವಿಡೀ ನನ್ನ ಧ್ವನಿ ನಾನು ಆಡದ ಮಾತು ಆಡುತ್ತಿತ್ತು. ನಿಮ್ಮನ್ನು ಬೈಯುತ್ತಿತ್ತು. ನಿಮಗೆ ಇನ್ನೇನೋ ಹೇಳುತ್ತಿತ್ತು, ಗಂಡ ಹೆಂಡತಿಗೆ ಹೇಳುವಂಥದ್ದು. ನಾನು ಪಕ್ಕದ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ನಿಧಾನವಾಗಿ ನಾನೇ ಮಾತು ಕಡಿಮೆ ಮಾಡಿದೆ. ಮನೆಯಲ್ಲಿ ಒಂದು ಧ್ವನಿಗೆ ಒಬ್ಬನೇ ಇರಲಿ, ಅಣ್ಣನಿಗೆ ಬೇರೆ ಇಲ್ಲ, ನಾನು ಸುಮ್ಮನಿದ್ದರೆ ಆಯಿತು ಎಂದುಕೊಂಡೆ. ಆ ದಿನ ಬಾಯಾರಿತ್ತು, ಮರೆತು ಕೇಳಿಬಿಟ್ಟೆ. ನಿಮ್ಮ ತಪ್ಪಿಲ್ಲ, ಯಾರದೂ ಅಲ್ಲ. ಆದರೆ ಅಣ್ಣನ ಮುಖ ನೋಡಲು ನನಗೆ ಆಗಲಿಲ್ಲ.

ಇಲ್ಲಿಯೂ ನಾನು ಹೆಚ್ಚು ಮಾತಾಡುವುದಿಲ್ಲ. ಜೊತೆಯವರು ಮೂಗ ಅಂತಲೇ ಕರೆಯುತ್ತಾರೆ.

ನಿಮ್ಮನ್ನು ಕೇಳಬೇಕಿತ್ತು. ಅದೊಂದು ನನಗೆ ಹೊಳೆಯಲೇ ಇಲ್ಲ. ನೀವು ಹೇಳಿ, ಮತ್ತೆ ಓದಿ ಕಳಿಸುತ್ತೇನೆ. ನನ್ನ ಕೋಣೆಯಲ್ಲಿ ಕಪಾಟಿಲ್ಲ, ಕಂಬಳಿ ಹೊದ್ದು ಕೂತರೆ ಆಗುತ್ತದೆ. ಪೂರ್ತಿ ಕಾಗುಣಿತ, ಮೊದಲಿನ ಹಾಗೆ. ಅಂಚೆಯಲ್ಲಿ ಹಾಕುತ್ತೇನೆ.

ಹುಬ್ಬಿನ ಸ್ವಿಚ್ಚಿಗೆ ತೆಳು ತಗಡು ಹುಡುಕುತ್ತಿದ್ದೇನೆ. ಅದನ್ನೂ ಅಂಚೆಯಲ್ಲಿ ಕಳಿಸಲು ಬರುತ್ತದೆಯೇ ನೋಡುತ್ತೇನೆ.

ಮೈದುನ


ಮೇ ೨೦

ತಮ್ಮಾ,

ನಿನ್ನ ಕಾಗದವನ್ನು ಅವಳು ನನ್ನ ಮುಂದೆ ಹಿಡಿದಳು. ತಾನು ಕದ್ದು ಬರೆದದ್ದನ್ನೂ ಒಪ್ಪಿಕೊಂಡಳು. ಆ ಕಾಗದದಲ್ಲಿ ಎಷ್ಟು ತಪ್ಪಿತ್ತೋ.

ಒಂದೊಂದು ಅಕ್ಷರಕ್ಕೂ ಕೆನ್ನೆ ಬೇಕು. ಚಿಕ್ಕದಾಗಿ ಬರೆಯುತ್ತೇನೆ.

ಮತ್ತೆ ಓದಬೇಡ.

ನಾನು ಬಾಯಿ ತೆರೆದಾಗಲೆಲ್ಲ ನೀನು ಬಾಯಿ ಮುಚ್ಚಿದ್ದು ನೋಡಿದ್ದೇನೆ. ನಿನ್ನ ಧ್ವನಿ ಇಲ್ಲಿ ಇದ್ದಷ್ಟು ದಿನ ನೀನು ಬರುವುದಿಲ್ಲ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ‘ಆಮೇಲೆ’ ಒತ್ತಿ ಒತ್ತಿ ಸಾಕಾಯಿತು. ಅವಳನ್ನು ಕೇಳದೆ ಒತ್ತಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು.

ಹೊಸ ಧ್ವನಿ ಕೆಟ್ಟದಾಗಿದೆ. ಆದರೆ ಅದು ಯಾರದ್ದೂ ಅಲ್ಲ. ನಾನು ಎಷ್ಟು ಬೇಕಾದರೂ ಬೈಯಬಹುದು, ಪಕ್ಕದ ಕೋಣೆಯಲ್ಲಿ ಯಾರೂ ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ.

ತಗಡು ಅಂಚೆಯಲ್ಲಿ ಬಂದರೆ ಬಗ್ಗುತ್ತದೆ. ಕೈಯಲ್ಲಿ ತಾ.

ಅಣ್ಣ


ಅದೇ ದಿನ, ಅದೇ ಲಕೋಟೆಯಲ್ಲಿ

ಮೈದುನನಿಗೆ,

ಮೇಲಿನದನ್ನು ಬರೆಯಲು ನಿನ್ನ ಅಣ್ಣ ಎರಡು ದಿನ ತೆಗೆದುಕೊಂಡರು. ನಡುವೆ ಮೂರು ಸಲ ನಿದ್ದೆ ಹೋದರು. ನಾನು ಒಂದಕ್ಷರ ತಿದ್ದಿಲ್ಲ, ತಿದ್ದಲು ಏನೂ ಇರಲಿಲ್ಲ. ಅದನ್ನು ನೋಡಿ ಈ ಕಾಗದಕ್ಕೆ ಇಳಿಸುವುದಷ್ಟೇ ನನ್ನ ಕೆಲಸ.

ನೀನು ಮತ್ತೆ ಓದಿ ಕಳಿಸುತ್ತೇನೆ ಅಂದದ್ದಕ್ಕೆ ಎರಡು ಸಂಜೆ ಯೋಚಿಸಿದೆ. ಸುಳ್ಳ್ಯಾಕೆ, ಆಸೆಯಾಯಿತು. ಒಂದು ಲಕೋಟೆ ಬಂದರೆ ಸಾಕು, ನನ್ನ ಸಂಜೆ ನನಗೆ ವಾಪಸ್ಸು. ಪ್ರಾರ್ಥನೆಗೆ ಕೂತಾಗ ರೈಲಿನವನು ನನ್ನ ಜೊತೆ ಹೇಳಲು ಶುರು ಮಾಡಿದ. ನಿಲ್ಲಿಸಬೇಕಾದ ಕಡೆ ನಿಲ್ಲಿಸುವುದಿಲ್ಲ, ದೇವರ ಹೆಸರನ್ನೂ ನಿಲ್ದಾಣದ ಹೆಸರಿನ ಹಾಗೆ ಕೂಗುತ್ತಾನೆ. ನಗು ಬಂತು. ನಕ್ಕದ್ದು ಕೇಳಿ ನಿನ್ನ ಅಣ್ಣನ ಹುಬ್ಬು ಮೇಲೆ ಹೋಯಿತು. ಹುಬ್ಬು ಇನ್ನೂ ಚೆನ್ನಾಗಿ ಏರುತ್ತದೆ, ಅದೂ ನಿನಗೆ ತಿಳಿದಿರಲಿ. ದೇವರಿಗೆ ಯಾರು ಕೂಗಿದರು ಅನ್ನುವುದು ಗೊತ್ತಿರುತ್ತದೆ, ಧ್ವನಿ ನೋಡಿ ಗುರುತು ಹಿಡಿಯುವ ಕಷ್ಟ ನಮಗೆ ಮಾತ್ರ. ಅಭ್ಯಾಸ ಮಾಡಿಕೊಳ್ಳುತ್ತೇನೆ. ಇಷ್ಟು ಮಾಡಿಕೊಂಡವಳಿಗೆ ಅದೇನು.

ಹಾಗಾಗಿ ಕಂಬಳಿ ಹೊದೆಯಬೇಡ. ಧ್ವನಿ ಕಳಿಸಬೇಡ. ನೀನು ಬಾ.

ಡಾಕ್ಟರಮ್ಮ ಹೇಳಿದ್ದನ್ನು ನಾನು ಮತ್ತೆ ಬರೆಯುವುದಿಲ್ಲ. ಕೆನ್ನೆ ಪೂರ್ತಿ ನಿಂತ ಮೇಲೆ ಬಂದರೆ ಹುಬ್ಬಿಗೆ ಕಲಿಸುವವರು ಯಾರೂ ಇರುವುದಿಲ್ಲ, ಏನು ಬೇಕು, ಎಲ್ಲಿ ನೋಯುತ್ತದೆ ಎಂದು ಅವರು ಹೇಳುವಾಗಲೇ ಕೂರಿಸಬೇಕು. ಕೆಲಸದಲ್ಲಿ ರಜೆ ಕೇಳು. ಕೇಳಲು ಬಾಯಿ ತೆರೆಯಬೇಕಾಗುತ್ತದೆ, ತೆರೆ. ಇನ್ನು ಆ ಧ್ವನಿಗೆ ಒಬ್ಬನೇ ಇರುವುದು, ಖರ್ಚು ಮಾಡು.

ಕಪಾಟಿನ ಬಟ್ಟೆ ತೆಗೆದು ಒಂದು ಖಾನೆ ಖಾಲಿ ಮಾಡಿದ್ದೇನೆ, ನಿನ್ನ ಅಂಗಿಗಳಿಗೆ.

ಬಂದವನು ಬಾಗಿಲಲ್ಲಿ ನಿಂತು ಕೆಮ್ಮಬೇಡ. ನೇರ ಒಳಗೆ ಬಂದು ಹಾಲಿನಲ್ಲಿ ಕೂರು. ನಾನು ಅಡುಗೆಮನೆಯಲ್ಲೇ ಇರುತ್ತೇನೆ, ಬೆನ್ನು ಹಾಕಿಕೊಂಡೇ ಇರುತ್ತೇನೆ. ನೀರು ಕೇಳು. ‘ಬಂದೆ ಕಣೋ’ ಅನ್ನುತ್ತೇನೆ.

ಅತ್ತಿಗೆ